ಖಜಾಂಚಿ ಆಗಲಾ, ಬೇಡವಾ? ಸಂಖ್ಯಾಶಾಸ್ತ್ರಜ್ಞರ ಸಂಘದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ನಾನು ದಾವಣಗೆರೆ ಕಡೆಯವಳು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಎಂ.ಎಸ್ಸಿ. ಮಾಡಿ, ಅಮೆರಿಕದಲ್ಲಿ ಇನ್ನೊಂದು ಮಾಸ್ಟರ್ಸ್ ಮುಗಿಸಿದೆ. ಬಾಸ್ಟನ್ ಹತ್ತಿರದ ಔಷಧ ಕಂಪನಿಯೊಂದರಲ್ಲಿ 4 ವರ್ಷದಿಂದ ಬಯೋಸ್ಟಾಟಿಸ್ಟಿಷಿಯನ್ (ಔಷಧ ಪ್ರಯೋಗಗಳ ಅಂಕಿ-ಅಂಶ ನೋಡುವವಳು) ಆಗಿದ್ದೇನೆ. ಸಹೋದ್ಯೋಗಿಯೊಬ್ಬರು ಅಮೆರಿಕನ್ ಸ್ಟಾಟಿಸ್ಟಿಕಲ್ ಅಸೋಸಿಯೇಷನ್ನಿನ ಸ್ಥಳೀಯ ಚಾಪ್ಟರ್‌ನ, ಅಂದರೆ ಶಾಖೆಯ, ಸಭೆಗೆ ಎರಡು ಸಲ ಕರೆದುಕೊಂಡು ಹೋಗಿದ್ದರು. ಎರಡೂ ಸಲ ಹಿಂದಿನ ಸಾಲಿನಲ್ಲಿ ಕೂತು, ಉಪನ್ಯಾಸ ಕೇಳಿ, ಪಿಜ್ಜಾ ತಿಂದು ಬಂದೆ. ಈಗ ಮುಂದಿನ ವರ್ಷಕ್ಕೆ ಖಜಾಂಚಿ ಸ್ಥಾನಕ್ಕೆ ನಿಲ್ಲಿ ಎನ್ನುತ್ತಿದ್ದಾರೆ. ಮ್ಯಾನೇಜರ್ ‘ರೆಸ್ಯೂಮೆಗೆ ಒಳ್ಳೇದು’ ಅಂದರು. ನಮ್ಮ ಮನೆಯವರು ‘ಇರೋ ಕೆಲಸಕ್ಕೇ ಟೈಮಿಲ್ಲ’ ಅಂದರು. ನನಗೆ ನಾಲ್ಕು ಜನರ ಮುಂದೆ ಬಾಯಿ ಬಿಡುವುದೇ ಕಷ್ಟ. ಎಚ್-1ಬಿ ವೀಸಾದಲ್ಲಿ ಇದನ್ನೆಲ್ಲ ಮಾಡಬಹುದಾ? ಇನ್ನೆರಡು ಮೂರು ವರ್ಷದಲ್ಲಿ ಬೆಂಗಳೂರಿಗೆ ವಾಪಸ್ ಹೋಗುವ ಯೋಚನೆಯೂ ಇದೆ. ಆಮೇಲೆ ಇದರಿಂದ ಏನಾದರೂ ಪ್ರಯೋಜನ ಇದೆಯಾ?

ಉತ್ತರ: ಹಿಂದಿನ ಸಾಲು, ಪಿಜ್ಜಾ, ಮನೆ. ನಾನೂ ಹೀಗೇ ಎರಡು ವರ್ಷ ಕಳೆದವನು. ನಾನಿದ್ದದ್ದು ಬೇರೆ ರಾಜ್ಯದ ಚಾಪ್ಟರ್. ಆಮೇಲೆ ಅಲ್ಲೇ ಕಾರ್ಯದರ್ಶಿಯಾದೆ, ಒಂದು ವರ್ಷ ಅಧ್ಯಕ್ಷನೂ ಆದೆ. ಈಗ ನಿವೃತ್ತಿಯಾಗಿದೆ. ಹಾಗಾಗಿ ಸಂಘದ ಪರವಾಗಿ ಸ್ವಲ್ಪ ಪಕ್ಷಪಾತ ಇರುತ್ತದೆ, ಅದನ್ನು ಕಳೆದು ಓದಿ.

ನಿಮ್ಮ ಮ್ಯಾನೇಜರ್ ಹೇಳಿದ ರೆಸ್ಯೂಮೆ ವಿಷಯ ಮೊದಲೇ ಮುಗಿಸಿಬಿಡೋಣ. ‘ಚಾಪ್ಟರ್ ಖಜಾಂಚಿ’ ಎಂಬ ಒಂದು ಸಾಲು ನೋಡಿ ಯಾರೂ ಕೆಲಸ ಕೊಡುವುದಿಲ್ಲ. ನಾನು ಹತ್ತಿಪ್ಪತ್ತು ವರ್ಷ ಜನರನ್ನು ಸಂದರ್ಶನ ಮಾಡಿ ಕೆಲಸಕ್ಕೆ ತೆಗೆದುಕೊಂಡಿದ್ದೇನೆ. ಆ ಸಾಲು ಕಂಡರೆ ‘ಓ, ಒಳ್ಳೇದು’ ಅಂದುಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದೆ. ನಿಮ್ಮ ಕಡೆ ಔಷಧ ಕಂಪನಿಗಳು ತುಂಬಿರುವ ಕೆಂಡಾಲ್ ಸ್ಕ್ವೇರ್ ಸುತ್ತಮುತ್ತ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಚಾಪ್ಟರ್ ಪರಿಚಯ ಕೆಲಸಕ್ಕೆ ಬರುತ್ತದೆ ನಿಜ. ಆದರೆ ಆಗ ನೆನಪಾಗುವುದು ಹುದ್ದೆಯ ಹೆಸರಲ್ಲ. ‘ಆ ಹುಡುಗಿ ಲೆಕ್ಕ ಸರಿಯಾಗಿ ಇಡ್ತಾಳೆ, ಮೇಲ್ ಹಾಕಿದ್ರೆ ಅವತ್ತೇ ಉತ್ತರ ಬರುತ್ತೆ’ ಎಂಬ ಮಾತು.

ಹಾಗಾದರೆ ಯಾಕೆ ಹೋಗಬೇಕು? ಇದಕ್ಕೆ ನಿಮ್ಮ ಊರಿನದೇ ಒಂದು ಹಳೆಯ ಕತೆ ಹೇಳುತ್ತೇನೆ. ನಿಮ್ಮ ಊರು ಅಂದರೆ ದಾವಣಗೆರೆ ಅಲ್ಲ, ಬಾಸ್ಟನ್.

ಈಗ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಕಚೇರಿ ಇಟ್ಟುಕೊಂಡು ಕೂತಿರುವ ಈ ದೊಡ್ಡ ಸಂಘ ಹುಟ್ಟಿದ್ದು ಬಾಸ್ಟನ್ನಿನಲ್ಲಿ. 1839ರ ನವೆಂಬರ್ 27ರಂದು ಕಾರ್ನ್‌ಹಿಲ್ ಎಂಬ ಬೀದಿಯ 15ನೇ ನಂಬರಿನ ಕಟ್ಟಡದಲ್ಲಿ ಐದು ಜನ ಸೇರಿದ್ದರು. ಒಬ್ಬರು ವಕೀಲರು, ಒಬ್ಬರು ವೈದ್ಯರು, ಒಬ್ಬರು ಪಾದ್ರಿ ಕೆಲಸವನ್ನೂ ಮಾಡಿ ಕವಿತೆಯನ್ನೂ ಬರೆದವರು, ಒಬ್ಬರು ಶಿಕ್ಷಕರು. ಐದನೆಯವರು ಲೆಮುಯೆಲ್ ಶಾಟಕ್. ಪುಸ್ತಕದ ವ್ಯಾಪಾರಿ, ಪ್ರಕಾಶಕ. ಸಂಖ್ಯಾಶಾಸ್ತ್ರ ಓದಿದವರು ಒಬ್ಬರೂ ಇಲ್ಲ, ಓದೋಣವೆಂದರೆ ಆಗ ಅಂಥದ್ದೊಂದು ವಿಭಾಗವೇ ಇರಲಿಲ್ಲ. ಮೊದಲು ಇಟ್ಟ ಹೆಸರು ‘ಅಮೆರಿಕನ್ ಸ್ಟಾಟಿಸ್ಟಿಕಲ್ ಸೊಸೈಟಿ’. ಕೆಲವೇ ತಿಂಗಳಲ್ಲಿ, 1840ರ ಫೆಬ್ರವರಿಯಲ್ಲಿ, ‘ಸೊಸೈಟಿ’ ಹೋಗಿ ‘ಅಸೋಸಿಯೇಷನ್’ ಬಂತು. ಹಳೆಯ ಹೆಸರಿನ ಮೂರು ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿ ನೋಡಿ, ಕತ್ತೆ ಬರುತ್ತದೆ. ಬದಲಿಸಿದ್ದು ಒಳ್ಳೆಯದೇ ಆಯಿತು.

ಮೊದಲ ಹಲವು ದಶಕ ಇದು ಹೆಸರಿಗೆ ಅಮೆರಿಕದ್ದು, ಕೆಲಸದಲ್ಲಿ ಬಾಸ್ಟನ್ನಿನದು. ಈಗಿನ ಭಾಷೆಯಲ್ಲಿ ಹೇಳಬೇಕಾದರೆ ಒಂದು ಲೋಕಲ್ ಚಾಪ್ಟರ್. ಅದು ಮಾಡಿದ ಮೊದಲ ದೊಡ್ಡ ಜಗಳವೇ ನಾನು ಹೇಳಬೇಕೆಂದಿರುವ ಕತೆ.

1840ರ ಅಮೆರಿಕದ ಜನಗಣತಿಯಲ್ಲಿ ಮೊದಲ ಸಲ ಮಾನಸಿಕ ಕಾಯಿಲೆ ಇರುವವರನ್ನೂ ಎಣಿಸಿದರು. ಬಿಳಿಯರಿಗೆ ಬೇರೆ ಕಾಲಂ, ಕರಿಯರಿಗೆ ಬೇರೆ ಕಾಲಂ. ಫಲಿತಾಂಶ ಬಂದಾಗ ಎಲ್ಲರೂ ದಂಗಾದರು. ಉತ್ತರದ ರಾಜ್ಯಗಳಲ್ಲಿ ಸ್ವತಂತ್ರವಾಗಿ ಬದುಕುವ ಕರಿಯರಲ್ಲಿ ಹುಚ್ಚು ವಿಪರೀತ, ದಕ್ಷಿಣದ ಗುಲಾಮರಲ್ಲಿ ಬಹಳ ಕಡಿಮೆ! ಉತ್ತರದ ತುದಿಯ ಮೇನ್ ರಾಜ್ಯದಲ್ಲಂತೂ 14 ಕರಿಯರಿಗೆ ಒಬ್ಬರು ಹುಚ್ಚರು ಎಂದು ಲೆಕ್ಕ ಹೇಳಿತು. ಗುಲಾಮಗಿರಿಯ ಪರ ಇದ್ದವರಿಗೆ ಇನ್ನೇನು ಬೇಕು? ‘ನೋಡಿ, ಸ್ವಾತಂತ್ರ್ಯ ಕೊಟ್ಟರೆ ಇವರಿಗೆ ತಲೆ ಕೆಡುತ್ತದೆ’ ಎಂದರು. 1844ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜಾನ್ ಸಿ. ಕಾಲ್‌ಹೂನ್ ಬ್ರಿಟಿಷ್ ರಾಯಭಾರಿಗೆ ಬರೆದ ಪತ್ರದಲ್ಲಿ ಇದೇ ಅಂಕಿಗಳನ್ನು ಬಳಸಿದರು.

ಮ್ಯಾಸಚೂಸೆಟ್ಸ್‌ನ ಎಡ್ವರ್ಡ್ ಜಾರ್ವಿಸ್ ಎಂಬ ವೈದ್ಯರೂ ಮೊದಲು ಈ ಅಂಕಿಗಳನ್ನು ನಂಬಿದ್ದರು. 1842ರಲ್ಲಿ ನಂಬಿ ಒಂದು ಲೇಖನವನ್ನೇ ಬರೆದರು. ಆಮೇಲೆ ಅದೇನು ಕಾಡಿತೋ, ಊರೂರಿನ ಲೆಕ್ಕ ತೆಗೆದು ಕೂತರು. ಕೆಲವು ಊರುಗಳಲ್ಲಿ ಕರಿಯ ಹುಚ್ಚರ ಸಂಖ್ಯೆ ಇದೆ, ಆದರೆ ಆ ಊರಲ್ಲಿ ಕರಿಯರೇ ಇಲ್ಲ! ಅದೇ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನಲ್ಲಿ 133 ಜನ ಕರಿಯ ಹುಚ್ಚರು ಎಂದು ಬರೆದಿದೆ. ಅಲ್ಲಿ ಇದ್ದದ್ದು ರಾಜ್ಯದ ಮಾನಸಿಕ ಆಸ್ಪತ್ರೆ. ಆ 133 ಜನ ಅದರ ಬಿಳಿಯ ರೋಗಿಗಳು. ಅಗಲವಾದ ಫಾರಂ, ಒತ್ತೊತ್ತಾದ ಕಾಲಂಗಳು. ಎಣಿಸಿದವನು ಪಕ್ಕದ ಕಾಲಂನಲ್ಲಿ ಬರೆದುಬಿಟ್ಟಿದ್ದ. ಜಾರ್ವಿಸ್ ಕೆಲವೇ ವಾರಗಳಲ್ಲಿ ‘ನಾನು ಹೇಳಿದ್ದು ತಪ್ಪು’ ಎಂದು ಅಚ್ಚು ಹಾಕಿಸಿದರು. ಸಂಘ ಅವರ ಬೆನ್ನಿಗೆ ನಿಂತಿತು. ಸಮಿತಿ ಮಾಡಿ, ಊರುಗಳ ತಪ್ಪು ಪಟ್ಟಿ ಮಾಡಿ, 1844ರಲ್ಲಿ ಅಮೆರಿಕದ ಸಂಸತ್ತಿಗೆ ಮನವಿ ಕಳಿಸಿತು. ಸಂಸತ್ತು ತಿದ್ದಲಿಲ್ಲ. ಆದರೂ ಆ ಮನವಿ ಇವತ್ತಿಗೂ ಇದೆ, ತಪ್ಪು ಎಲ್ಲಿ ಎಂದು ಬೆರಳಿಟ್ಟು ತೋರಿಸುತ್ತದೆ. ಜಾರ್ವಿಸ್ ಆಮೇಲೆ 1852ರಿಂದ ಮೂವತ್ತು ಚಿಲ್ಲರೆ ವರ್ಷ ಅದೇ ಸಂಘದ ಅಧ್ಯಕ್ಷರಾಗಿದ್ದರು. (ನನಗೆ ಒಂದೇ ವರ್ಷಕ್ಕೆ ಸಾಕು ಸಾಕಾಗಿತ್ತು.)

ಈ ಕತೆ ಯಾಕೆ ಹೇಳಿದೆ ಅಂದರೆ, ವಾಷಿಂಗ್ಟನ್ನಿನಲ್ಲಿ ಕೂತವನಿಗೆ ವೂಸ್ಟರ್‌ನ 133 ಸುಮ್ನೆ ಒಂದು ಸಂಖ್ಯೆ. ವೂಸ್ಟರ್ ಗೊತ್ತಿರುವವನಿಗೆ ‘ಅಯ್ಯೋ, ಇದು ಆ ಆಸ್ಪತ್ರೆಯ ಲೆಕ್ಕ ಅಲ್ವಾ’ ಎಂದು ತಟ್ಟನೆ ಹೊಳೆಯುತ್ತದೆ. ನಮ್ಮ ಕೆಲಸದಲ್ಲಿ ಇದು ದಿನಾ ಆಗುವಂಥದ್ದು. ನೀವು ಮಾಡಿದ ಅಂಕಿಗಳ ಟೇಬಲ್ ನೋಡುವವರು ನಿಮ್ಮದೇ ತಂಡದವರು. ಅವರೂ ಅದೇ ಪ್ರೋಟೋಕಾಲ್ (ಪ್ರಯೋಗದ ಯೋಜನೆ) ಓದಿದ್ದಾರೆ, ಅದೇ ಡೆಡ್‌ಲೈನ್ ಅವರ ಕುತ್ತಿಗೆಗೂ ಬಿದ್ದಿದೆ, ಅದೇ ಉತ್ತರ ಬಂದರೆ ಅವರಿಗೂ ಖುಷಿ. ಹೊರಗಿನ ಒಬ್ಬರು, ನಿಮ್ಮ ಉತ್ತರದಿಂದ ಲಾಭವೂ ಇಲ್ಲದ ನಷ್ಟವೂ ಇಲ್ಲದ ಒಬ್ಬರು, ಕಾಲಂ ನೋಡಿ ಹುಬ್ಬು ಗಂಟಿಕ್ಕುವುದು ಆಫೀಸಿನಲ್ಲಿ ಸಿಗುವುದಿಲ್ಲ. ನನಗೆ ಅದು ಸಿಕ್ಕಿದ್ದು ಚಾಪ್ಟರ್‌ನಲ್ಲೇ.

ನನಗೇ ಆದದ್ದು ಹೇಳುತ್ತೇನೆ. ಆಗ ನನಗೆ ಮೂವತ್ತೆರಡೋ ಮೂವತ್ತಮೂರೋ. ಚಾಪ್ಟರ್‌ನ ಸಂಜೆ ಸಭೆಯಲ್ಲಿ ಹತ್ತು ನಿಮಿಷದ ಚಿಕ್ಕ ಭಾಷಣ ಕೊಡು ಎಂದರು. ಕಂಪನಿಯ ಡೇಟಾ ತೋರಿಸುವ ಹಾಗಿಲ್ಲ, ಅದಕ್ಕೆ ಕಂಪ್ಯೂಟರ್‌ನಲ್ಲಿ ಹುಟ್ಟಿಸಿದ ಡೇಟಾ ಮೇಲೆ ಒಂದು ವಿಧಾನ ತೋರಿಸಿದೆ. ಕ್ಯಾನ್ಸರ್ ಔಷಧಕ್ಕೆ ‘ಸ್ಪಂದಿಸಿದವರು’, ‘ಸ್ಪಂದಿಸದವರು’ ಎಂದು ಎರಡು ಗುಂಪು. ಯಾರು ಎಷ್ಟು ತಿಂಗಳು ಬದುಕಿದರು ಎಂಬುದಕ್ಕೆ ಎರಡು ಗೆರೆ. ಗೆರೆಗಳು ಚೆನ್ನಾಗಿ ದೂರ ದೂರ ಹೋಗಿದ್ದವು. ನನಗೆ ಹೆಮ್ಮೆ. ಮುಂದಿನ ಸಾಲಿನಲ್ಲಿ ಒಬ್ಬ ನಿವೃತ್ತ ಹಿರಿಯರು ಕೂತಿದ್ದರು, ಸ್ವೆಟರಿನ ಮೇಲೆ ಸಾಸ್ ಚೆಲ್ಲಿಕೊಂಡು. ಕೇಳಿದ್ದು ಒಂದೇ ಪ್ರಶ್ನೆ: ‘ಗಡಿಯಾರ ಯಾವಾಗ ಶುರು ಮಾಡಿದ್ರಿ?’

ನಾನು ಔಷಧ ಕೊಟ್ಟ ದಿನದಿಂದ ಎಂದೆ. ‘ಸ್ಪಂದಿಸಿದ್ದಾರೆ ಅಂತ ಗೊತ್ತಾಗೋದು ಯಾವಾಗ?’ ಎಂದರು. ಮೂರು ನಾಲ್ಕು ತಿಂಗಳ ನಂತರ ಎಂದೆ. ಹೇಳುತ್ತಿದ್ದ ಹಾಗೇ ನನಗೆ ಬೆವರು ಬಂತು. ಎರಡನೇ ತಿಂಗಳು ತೀರಿಕೊಂಡವನಿಗೆ ‘ಸ್ಪಂದಿಸಿದವನು’ ಅನ್ನಿಸಿಕೊಳ್ಳುವ ಅವಕಾಶವೇ ಇಲ್ಲ. ಸ್ಪಂದಿಸಿದವರ ಗುಂಪಿಗೆ ಸೇರಬೇಕಾದರೇ ನಾಲ್ಕು ತಿಂಗಳು ಬದುಕಿರಬೇಕು. ಔಷಧ ಬರೀ ನೀರಾಗಿದ್ದರೂ ಆ ಗೆರೆಗಳು ದೂರವೇ ಇರುತ್ತಿದ್ದವು. ಆ ಹಿರಿಯರು ಸಭೆಯಲ್ಲಿ ಇನ್ನೇನೂ ಹೇಳಲಿಲ್ಲ. ಆಮೇಲೆ ಕೋಟು ಹಾಕಿಕೊಳ್ಳುತ್ತಾ ‘ಸ್ಟ್ಯಾನ್‌ಫರ್ಡ್ ಹೃದಯದ ಡೇಟಾ ನೋಡಿ’ ಎಂದರು.

ನೋಡಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹೃದಯ ಕಸಿಯ ಮೊದಲ ವರ್ಷಗಳ ದಾಖಲೆ ಅದು. ಕಸಿಗೆ ಒಪ್ಪಿಕೊಂಡವರು 103 ಜನ, ಕಸಿ ಆದದ್ದು 69 ಜನಕ್ಕೆ. ಕಸಿ ಆದವರು ಜಾಸ್ತಿ ಬದುಕಿದರು ಎಂದು ಮೊದಲು ಅಂದುಕೊಂಡಿದ್ದರು. 1972ರಲ್ಲಿ ಮಿಚೆಲ್ ಗೇಲ್ ಎಂಬ ಸಂಖ್ಯಾಶಾಸ್ತ್ರಜ್ಞರು ನನ್ನ ಹಿರಿಯರು ಕೇಳಿದ ಪ್ರಶ್ನೆಯನ್ನೇ ಕೇಳಿದರು: ಹೃದಯ ಸಿಗುವ ತನಕ ಕಾಯುತ್ತಾ ಬದುಕಿದ್ದವರಿಗೆ ತಾನೇ ಕಸಿ ಆಗಿದ್ದು? 1977ರಲ್ಲಿ ಕ್ರೌಲಿ ಮತ್ತು ಹೂ ಅದೇ ಡೇಟಾ ಇಟ್ಟುಕೊಂಡು ಸರಿಯಾದ ದಾರಿ ತೋರಿಸಿದ ಲೇಖನ ಬಂದದ್ದು ಇದೇ ಸಂಘದ ಪತ್ರಿಕೆಯಾದ ‘ಜರ್ನಲ್ ಆಫ್ ದಿ ಅಮೆರಿಕನ್ ಸ್ಟಾಟಿಸ್ಟಿಕಲ್ ಅಸೋಸಿಯೇಷನ್’ನಲ್ಲಿ. ನೀವು ‘ಆರ್’ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಬಳಸುವವರಾದರೆ ಸರ್ವೈವಲ್ ಪ್ಯಾಕೇಜ್‌ನಲ್ಲಿ ‘ಜಾಸಾ’ ಎಂಬ ಡೇಟಾ ನೋಡಿರುತ್ತೀರಿ. ಆ ಹೆಸರು ಪತ್ರಿಕೆಯ ಹೆಸರಿನ ಮೊದಲಕ್ಷರಗಳು.

ನಾನು ನಿಜವಾಗಿ ಬೆವರಿದ್ದಕ್ಕೆ ಕಾರಣ ಬೇರೆ ಇತ್ತು. ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ಅದೇ ತಪ್ಪು ಇದ್ದ ಒಂದು ವರದಿ ಕರಡು ಇತ್ತು. ಮೂರು ಜನ ನೋಡಿ ಸಹಿ ಹಾಕಿದ್ದರು. ಮರುದಿನ ಬೆಳಿಗ್ಗೆ ಏಳಕ್ಕೇ ಹೋಗಿ ತಿದ್ದಿದೆ. ನಾಲ್ಕನೇ ತಿಂಗಳಿಗೆ ಬದುಕಿದ್ದವರನ್ನು ಮಾತ್ರ ತೆಗೆದುಕೊಂಡು, ಗಡಿಯಾರವನ್ನು ಅಲ್ಲಿಂದ ಶುರು ಮಾಡಿದೆ. ಗೆರೆಗಳು ಹತ್ತಿರ ಬಂದವು. ಬಾಸ್ ಮುಖ ಸಣ್ಣದಾಯಿತು. ಪರವಾಗಿಲ್ಲ.

ಈಗ ನಿಮ್ಮ ಮಾತಿನ ಭಯಕ್ಕೆ ಬರೋಣ. ನಮ್ಮ ಕಡೆ ಕ್ಲಾಸಿನಲ್ಲಿ ಸುಮ್ಮನೆ ಕೂತವರೇ ಒಳ್ಳೆಯ ಮಕ್ಕಳು. ಮೇಷ್ಟ್ರಿಗೆ ಪ್ರಶ್ನೆ ಕೇಳಿದರೆ ‘ಅಧಿಕಪ್ರಸಂಗಿ’. ಈ ಅಭ್ಯಾಸ ಮೂವತ್ತು ದಾಟಿದರೂ ಹೋಗುವುದಿಲ್ಲ, ನನಗೆ ಗೊತ್ತು. ಆದರೆ ಆ ಹಿರಿಯರ ಪ್ರಶ್ನೆ ನೋಡಿ: ನಾಲ್ಕೇ ಪದ. ಇಂಗ್ಲಿಷ್ ಚೆನ್ನಾಗಿರಬೇಕಿಲ್ಲ, ನಿಂತು ಮಾತಾಡಬೇಕಿಲ್ಲ. ಮುಂದಿನ ಸಭೆಗೆ ಹೋಗುವಾಗ ಉಪನ್ಯಾಸದ ಸಾರಾಂಶ ಓದಿಕೊಂಡು ಒಂದು ಪ್ರಶ್ನೆ ಬರೆದುಕೊಂಡು ಹೋಗಿ. ಸಭೆಯಲ್ಲಿ ಕೇಳಲಾಗದಿದ್ದರೆ ಪಿಜ್ಜಾ ಸಾಲಿನಲ್ಲಿ ಕೇಳಿ. ಭಾಷಣ ಮಾಡಿದವರ ಮಟ್ಟಿಗೆ ಹೇಳುವುದಾದರೆ, ಯಾರೂ ಏನೂ ಕೇಳದೆ ಚಪ್ಪಾಳೆ ತಟ್ಟಿ ಎದ್ದುಹೋಗುವುದಕ್ಕಿಂತ ಬೇಜಾರಿನ ವಿಷಯ ಇನ್ನೊಂದಿಲ್ಲ.

ಒಂದು ಪ್ರಶ್ನೆಯ ಬೆಲೆ ಎಷ್ಟು ಎಂಬುದಕ್ಕೆ ನಮ್ಮವರದೇ ಉದಾಹರಣೆ ಇದೆ. ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಹೂವಿನಹಡಗಲಿಯಲ್ಲಿ. ನಿಮ್ಮ ದಾವಣಗೆರೆಯಿಂದ ಎಷ್ಟು ದೂರ, ಬಸ್ಸಿನಲ್ಲಿ ಹೋಗಿ ಬರಬಹುದು. 1940ರ ದಶಕದಲ್ಲಿ ಕಲ್ಕತ್ತಾದಲ್ಲಿ ಅವರು ಪಾಠ ಮಾಡುತ್ತಿದ್ದಾಗ ವಿ. ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಿದರಂತೆ: ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಫಿಶರ್ ಹೇಳಿದ್ದು ದೊಡ್ಡ ಮಾದರಿಗೆ (ಸ್ಯಾಂಪಲ್‌ಗೆ) ಸರಿ, ಚಿಕ್ಕ ಮಾದರಿಗೂ ಅಂಥದ್ದೊಂದು ಯಾಕೆ ಸಾಧಿಸಬಾರದು? ರಾವ್ ರಾತ್ರಿ ಕೂತು ಉತ್ತರ ಕಂಡುಕೊಂಡು ಮರುದಿನ ತಂದರು. ಅದೇ ನೀವು ಎಂ.ಎಸ್ಸಿ.ಯಲ್ಲಿ ಉರು ಹೊಡೆದ ಕ್ರಾಮರ್–ರಾವ್ ಅಸಮಾನತೆ, ಒಂದು ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಿರಬಲ್ಲದು ಎಂಬುದರ ಮಿತಿ. ಅದು ಅಚ್ಚಾದದ್ದು ಲಂಡನ್ನಿನ ದೊಡ್ಡ ಪತ್ರಿಕೆಯಲ್ಲಲ್ಲ. 1945ರಲ್ಲಿ ಕಲ್ಕತ್ತಾ ಮ್ಯಾಥಮೆಟಿಕಲ್ ಸೊಸೈಟಿಯ ಬುಲೆಟಿನ್‌ನಲ್ಲಿ. ಒಂದು ಊರಿನ ಗಣಿತಜ್ಞರ ಸಂಘದ ಪತ್ರಿಕೆ! ಯುದ್ಧದ ಕಾಲ, ಕಾಗದಕ್ಕೂ ಬರ, ಲೇಖಕನಿಗೆ ಆಗ 25ರ ಆಸುಪಾಸು. ಅದೇ ಲೇಖನದಲ್ಲಿ, ಅಂದಾಜನ್ನು ಉತ್ತಮಪಡಿಸುವ ದಾರಿ ತೋರಿಸುವ ರಾವ್–ಬ್ಲ್ಯಾಕ್‌ವೆಲ್ ಪ್ರಮೇಯವೂ ಇತ್ತು. 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಾಗ ನೆನೆದದ್ದು 78 ವರ್ಷ ಹಿಂದಿನ ಆ ಬುಲೆಟಿನ್ ಲೇಖನವನ್ನೇ.

ಸರಿ, ಖಜಾಂಚಿ ಕೆಲಸ. ನಿಜ ಹೇಳಬೇಕೆಂದರೆ, ಮಾತು ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಹುದ್ದೆ ಇಲ್ಲ. ಅಧ್ಯಕ್ಷರು ಸ್ವಾಗತ ಹೇಳಬೇಕು, ಉಪನ್ಯಾಸಕರನ್ನು ಹುಡುಕಬೇಕು, ಬರುವುದಾಗಿ ಹೇಳಿ ಹಿಂದಿನ ದಿನ ಕೈಕೊಡುವವರನ್ನು ಸಹಿಸಿಕೊಳ್ಳಬೇಕು. ಅಲ್ಲದೆ ಅನೇಕ ಚಾಪ್ಟರ್‌ಗಳಲ್ಲಿ ಅದು ಮೂರು ವರ್ಷದ ಸರಪಳಿ: ಮೊದಲ ವರ್ಷ ಭಾವಿ ಅಧ್ಯಕ್ಷ, ಎರಡನೇ ವರ್ಷ ಅಧ್ಯಕ್ಷ, ಮೂರನೇ ವರ್ಷ ಮಾಜಿ ಅಧ್ಯಕ್ಷನಾಗಿ ಸಲಹೆ. ಎರಡು ಮೂರು ವರ್ಷದಲ್ಲಿ ಊರಿಗೆ ಹೊರಡುವ ನಿಮಗೆ ಅದು ಬೇಡವೇ ಬೇಡ. ಖಜಾಂಚಿಗೆ ಬ್ಯಾಂಕ್ ಖಾತೆ, ಸದಸ್ಯರ ಶುಲ್ಕ, ಪಿಜ್ಜಾ ಬಿಲ್ಲು, ಕೋಣೆ ಬಾಡಿಗೆ, ವರ್ಷಕ್ಕೊಂದು ಲೆಕ್ಕಪತ್ರ. ನಾನು ಕಂಡ ಹಾಗೆ ತಿಂಗಳಿಗೆ ಮೂರು ನಾಲ್ಕು ಗಂಟೆಯ ಕೆಲಸ, ವರ್ಷದ ಕೊನೆಗೆ ಒಂದು ವಾರಾಂತ್ಯ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ನೂರೈವತ್ತು ಜನರ ಊಟದ ಲೆಕ್ಕ ಹಾಕಿದ ಅನುಭವ ಇದ್ದರೆ ಇದು ಅದರ ಅರ್ಧವೂ ಇಲ್ಲ. ಮನೆಯವರಿಗೆ ಈ ಲೆಕ್ಕ ತೋರಿಸಿ.

ಊಟದ ಲೆಕ್ಕ ಅಂದೆನಲ್ಲ, ಒಂದು ಗುಟ್ಟು. ಸಂಖ್ಯಾಶಾಸ್ತ್ರಜ್ಞರ ಸಭೆಗೆ ಎಷ್ಟು ಜನ ಬರುತ್ತಾರೆ ಎಂದು ಅಂದಾಜು ಮಾಡುವುದು ಸಂಖ್ಯಾಶಾಸ್ತ್ರಜ್ಞರಿಗೆ ಆಗುವುದಿಲ್ಲ. ನಮ್ಮಲ್ಲಿ 60 ಜನ ಹೆಸರು ಕೊಟ್ಟರೆ 35 ಜನ ಬರುತ್ತಿದ್ದರು, ಮಳೆ ಬಂದರೆ 20. ನಾನು ಒಂದು ಸಲ ಹಳೆಯ ಡೇಟಾ ಎಲ್ಲ ಹಾಕಿ ಮಾಡೆಲ್ ಕಟ್ಟಿದೆ. ಆ ಸಲ 58 ಜನ ಬಂದು ಪಿಜ್ಜಾ ಸಾಲದೆ ಹೋಯಿತು. ಮಾಡೆಲ್ ಬಿಟ್ಟೆ.

ಒಂದು ವಿಷಯಕ್ಕೆ ಮಾತ್ರ ಹುಷಾರು: ತೆರಿಗೆ ಇಲಾಖೆಯ ಅರ್ಜಿ. ವರ್ಷದ ಆದಾಯ ಸಾಮಾನ್ಯವಾಗಿ 50,000 ಡಾಲರ್ ಮೀರದ ಚಿಕ್ಕ ಲಾಭರಹಿತ ಸಂಘಗಳು ‘990-ಎನ್’ ಎಂಬ ಪುಟ್ಟ ಇ-ಪೋಸ್ಟ್‌ಕಾರ್ಡ್ ತುಂಬಿದರೆ ಸಾಕು. ಜನವರಿಯಿಂದ ಡಿಸೆಂಬರ್ ಲೆಕ್ಕ ಇಡುವ ಸಂಘವಾದರೆ ಮೇ 15ರೊಳಗೆ. ಹತ್ತು ನಿಮಿಷದ ಕೆಲಸ. ಆದರೆ ಸತತ ಮೂರು ವರ್ಷ ಮರೆತರೆ ಸಂಘದ ತೆರಿಗೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. ವಾಪಸ್ ಪಡೆಯಲು ಮತ್ತೆ ಅರ್ಜಿ, ಶುಲ್ಕ, ಓಡಾಟ. ಖಜಾಂಚಿಗಳು ಬದಲಾಗುವಾಗ ‘ಅವರು ಮಾಡಿರುತ್ತಾರೆ’ ಎಂದು ಇವರು, ‘ಇವರು ಮಾಡುತ್ತಾರೆ’ ಎಂದು ಅವರು. ಹೀಗೆ ಮೂರು ವರ್ಷ ಹೋಗುವುದು ಬಹಳ ಸುಲಭ. ಬ್ಯಾಂಕ್ ಖಾತೆಗೆ ಇಬ್ಬರ ಹೆಸರು ಇರಲಿ. ಚಾಪ್ಟರ್ ದುಡ್ಡು ನಿಮ್ಮ ಸ್ವಂತ ಖಾತೆಯ ಮೂಲಕ ಒಂದು ದಿನಕ್ಕೂ ಹಾಯಬಾರದು, ಬಿಲ್ಲು ಎಷ್ಟೇ ಚಿಕ್ಕದಿರಲಿ.

ಇನ್ನೊಂದು: ಚಾಪ್ಟರ್‌ಗೆ ಬಂದು ಕೂರಲು ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ, ಚಾಪ್ಟರ್ ಶುಲ್ಕವೂ ತೀರ ಕಡಿಮೆ. ಆದರೆ ಪದಾಧಿಕಾರಿಯಾಗಬೇಕಾದರೆ ರಾಷ್ಟ್ರೀಯ ಸಂಘದ ಸದಸ್ಯತ್ವ ಬೇಕು. ಅದರ ಶುಲ್ಕವನ್ನು ನಿಮ್ಮ ಕಂಪನಿ ಕೊಡುತ್ತದೆಯೇ ಎಂದು ಮ್ಯಾನೇಜರನ್ನೇ ಕೇಳಿ, ‘ರೆಸ್ಯೂಮೆಗೆ ಒಳ್ಳೇದು’ ಅಂದವರು ಅವರೇ ತಾನೇ. ಸದಸ್ಯರಾದಿರಿ ಅಂದಮೇಲೆ ‘ಪಿಸ್ಟ್ಯಾಟ್’ ಎಂಬ ಮಾನ್ಯತೆಯ ಬಗ್ಗೆಯೂ ಯೋಚಿಸಬಹುದು. ಉನ್ನತ ಪದವಿ, ಕನಿಷ್ಠ 5 ವರ್ಷದ ಅನುಭವ, ಮಾಡಿದ ಕೆಲಸದ ಮಾದರಿ ಇವೆಲ್ಲ ನೋಡುತ್ತಾರೆ. ನಿಮಗೆ ಇನ್ನೊಂದು ವರ್ಷ ಬೇಕು. ಔಷಧ ಕಂಪನಿಯ ಒಳಗೆ ಅದನ್ನು ಯಾರೂ ಅಷ್ಟು ಕೇಳುವುದಿಲ್ಲ. ಸ್ವಂತವಾಗಿ ಸಲಹೆಗಾರರಾಗಿ ಕೆಲಸ ಮಾಡುವವರಿಗೆ, ಕೋರ್ಟಿನಲ್ಲಿ ಸಾಕ್ಷಿ ಹೇಳುವವರಿಗೆ ಜಾಸ್ತಿ ಉಪಯೋಗ.

ವೀಸಾ ಬಗ್ಗೆ: ಸಂಬಳ ಇಲ್ಲದ, ಎಲ್ಲರೂ ಸ್ವಯಂಸೇವೆಯಾಗಿಯೇ ಮಾಡುವ ಲಾಭರಹಿತ ಸಂಘದ ಹುದ್ದೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಎಚ್-1ಬಿಯಲ್ಲಿದ್ದು ಇಂಥ ಕೆಲಸ ಮಾಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಗೌರವಧನ, ಕೋರ್ಸ್ ಕಲಿಸಿದ್ದಕ್ಕೆ ಚೆಕ್ಕು, ಇಂಥದ್ದು ಬಂದರೆ ಮುಟ್ಟಬೇಡಿ. ನಾನು ವಕೀಲನಲ್ಲ. ಕಂಪನಿಯ ವಲಸೆ ವಕೀಲರಿಗೆ ಒಂದು ಇಮೇಲ್ ಹಾಕಿ, ಉತ್ತರವನ್ನು ಎತ್ತಿಟ್ಟುಕೊಳ್ಳಿ. ಫೋನಿನಲ್ಲಿ ‘ಓಕೆ’ ಅಂದದ್ದು ಲೆಕ್ಕಕ್ಕಿಲ್ಲ. ಹಾಗೇ ಕಂಪನಿಗೂ ತಿಳಿಸಿಬಿಡಿ. ಚಾಪ್ಟರ್‌ನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರು ನಿಮ್ಮ ಪ್ರತಿಸ್ಪರ್ಧಿ ಕಂಪನಿಯವರೇ ಆಗಿರಬಹುದು. ವಿಧಾನದ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ. ನಡೆಯುತ್ತಿರುವ ಟ್ರಯಲ್ (ಔಷಧ ಪ್ರಯೋಗ) ಬಗ್ಗೆ ಒಂದಕ್ಷರವೂ ಬೇಡ, ‘ಸ್ವಲ್ಪ ಲೇಟಾಗ್ತಿದೆ’ ಎಂಬ ಮಾತೂ ಬೇಡ. ಷೇರು ಮಾರುಕಟ್ಟೆಯಲ್ಲಿ ಅಷ್ಟಕ್ಕೇ ಬೆಲೆ ಇದೆ.

ಖಜಾಂಚಿಗಿರಿಗೂ ಮುಂಚೆ ಒಂದು ಕೆಲಸ ಮಾಡಿ ನೋಡಿ ಎಂದು ನಾನು ಹೇಳುತ್ತೇನೆ. ಅನೇಕ ಚಾಪ್ಟರ್‌ಗಳು ಶಾಲಾ ಮಕ್ಕಳ ವಿಜ್ಞಾನ ಮೇಳಕ್ಕೆ ತೀರ್ಪುಗಾರರನ್ನು ಕಳಿಸುತ್ತವೆ. ವರ್ಷಕ್ಕೆ ಒಂದು ಶನಿವಾರ. ನನಗೆ ಮಾತು ಬಿಡಿಸಿದ್ದೇ ಆ ಮಕ್ಕಳು. ಒಬ್ಬಳು ಹುಡುಗಿ ಉಪ್ಪುನೀರಿನಲ್ಲಿ ಹೆಸರುಕಾಳು ಮೊಳಕೆ ಬರಿಸಿದ್ದಳು. ಬಣ್ಣ ಬಣ್ಣದ ಚಾರ್ಟು. ‘ಎಷ್ಟು ಕಾಳು ಹಾಕಿದ್ದೆ?’ ಎಂದೆ. ‘ಮೂರು. ಒಂದನ್ನು ತಮ್ಮ ತಿಂದ’ ಎಂದಳು. ಅವಳಿಗೆ ಬಹುಮಾನ ಕೊಡಲಾಗಲಿಲ್ಲ. ಆದರೆ ಕಳೆದುಹೋದ ಡೇಟಾ ಯಾಕೆ ಕಳೆದುಹೋಯಿತು ಎಂದು ಅಷ್ಟು ಪ್ರಾಮಾಣಿಕವಾಗಿ ಬರೆದ ವರದಿಯನ್ನು ನಾನು ದೊಡ್ಡವರ ಕೈಯಿಂದ ಕಂಡದ್ದು ಕಡಿಮೆ.

ನೀವು ಇರುವ ಜಾಗದಲ್ಲಿ ಇನ್ನೊಂದು ಅನುಕೂಲ ಇದೆ. ನ್ಯೂ ಇಂಗ್ಲೆಂಡ್ ಸ್ಟಾಟಿಸ್ಟಿಕ್ಸ್ ಸಿಂಪೋಸಿಯಂ ಎಂಬ ಸಮ್ಮೇಳನವನ್ನು ಆ ಭಾಗದ ವಿಶ್ವವಿದ್ಯಾಲಯಗಳು ಸರದಿ ಮೇಲೆ ನಡೆಸುತ್ತವೆ. ಬಾಸ್ಟನ್ ಚಾಪ್ಟರ್ ವರ್ಷದ ಸಂಖ್ಯಾಶಾಸ್ತ್ರಜ್ಞರಿಗೆ ಫ್ರೆಡ್ರಿಕ್ ಮಾಸ್ಟೆಲ್ಲರ್ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. ಮಾಸ್ಟೆಲ್ಲರ್ 1957ರಲ್ಲಿ ಹಾರ್ವರ್ಡ್‌ನಲ್ಲಿ ಸಂಖ್ಯಾಶಾಸ್ತ್ರ ವಿಭಾಗ ಶುರುವಾದಾಗ ಅದರ ಮೊದಲ ಮುಖ್ಯಸ್ಥರು. ಆ ಪ್ರಶಸ್ತಿಯ ಸಂಜೆ ತಪ್ಪಿಸಿಕೊಳ್ಳಬೇಡಿ. ದೊಡ್ಡವರು ಹತ್ತಿರದಲ್ಲಿ, ಕೈಯಲ್ಲಿ ತಟ್ಟೆ ಹಿಡಿದು ನಿಂತಿರುತ್ತಾರೆ. ಐದಾರು ಸಾವಿರ ಜನ ಸೇರುವ ಆಗಸ್ಟ್ ತಿಂಗಳ ರಾಷ್ಟ್ರೀಯ ಸಮ್ಮೇಳನದಲ್ಲಿ ಇದು ಆಗುವುದಿಲ್ಲ. ಅಲ್ಲಿ ನಾನು ಒಂದು ಸಲ ಕೋಣೆ ಹುಡುಕುವುದರಲ್ಲೇ ಅರ್ಧ ದಿನ ಕಳೆದಿದ್ದೇನೆ.

ಕೊನೆಯದು ಬೆಂಗಳೂರು. ಅಲ್ಲಿ ಇದರ ಪ್ರಯೋಜನ ಇಲ್ಲಿಗಿಂತ ಜಾಸ್ತಿ ಎಂದು ನನ್ನ ಅನಿಸಿಕೆ. ಮೈಸೂರು ರಸ್ತೆಯಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಕೇಂದ್ರ ಇದೆ. ಜ್ಞಾನಭಾರತಿಯಲ್ಲಿ ವಿಶ್ವವಿದ್ಯಾಲಯದ ವಿಭಾಗ, ನಿಮ್ಹಾನ್ಸ್‌ನಲ್ಲಿ ಬಯೋಸ್ಟಾಟಿಸ್ಟಿಕ್ಸ್ ವಿಭಾಗ, ಜಿಕೆವಿಕೆಯಲ್ಲಿ ಕೃಷಿ ಸಂಖ್ಯಾಶಾಸ್ತ್ರದವರು, ಬಹುಮಹಡಿ ಕಟ್ಟಡದಲ್ಲಿ ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ. ಇವರ ಜೊತೆಗೆ ಹೊರವರ್ತುಲ ರಸ್ತೆ ಉದ್ದಕ್ಕೂ ಕ್ಲಿನಿಕಲ್ ಟ್ರಯಲ್ ಕಂಪನಿಗಳಲ್ಲಿ ನಿಮ್ಮಂಥವರು ತುಂಬಿದ್ದಾರೆ. ನಾನು ರಜೆಗೆ ಬಂದಾಗಲೆಲ್ಲ ನೋಡುವುದು, ಇವರಿಗೆ ಅವರು ಗೊತ್ತಿಲ್ಲ, ಅವರಿಗೆ ಇವರು ಗೊತ್ತಿಲ್ಲ. ಕೆ.ಆರ್. ಪುರದಿಂದ ಕೆಂಗೇರಿಗೆ ಸಂಜೆ ಆರಕ್ಕೆ ಸಭೆಗೆ ಬನ್ನಿ ಎಂದರೆ ಯಾರು ಬರುತ್ತಾರೆ ಎಂಬುದೂ ಒಂದು ನ್ಯಾಯವಾದ ಪ್ರಶ್ನೆಯೇ. ಶನಿವಾರ ಬೆಳಿಗ್ಗೆ, ಮೆಟ್ರೊ ನಿಲ್ದಾಣದ ಹತ್ತಿರ ಇಟ್ಟುಕೊಳ್ಳಬೇಕು. ಜೂನ್ 29 ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಮಹಲನೋಬಿಸ್ ಹುಟ್ಟಿದ ದಿನ, 2007ರಿಂದ ದೇಶದಲ್ಲಿ ಸಾಂಖ್ಯಿಕ ದಿನ. ಆ ದಿನ ಎಲ್ಲೆಲ್ಲಿ ಕಾರ್ಯಕ್ರಮ ಇದೆ ನೋಡಿ ಹೋಗಿಬಿಡಿ, ಮೊದಲ ಹತ್ತು ಪರಿಚಯ ಅಲ್ಲೇ ಆಗುತ್ತದೆ.

ಸಂಘ ಕಟ್ಟಲು ದುಡ್ಡಿಲ್ಲ, ಜಾಗ ಇಲ್ಲ ಎಂದು ಯಾರಾದರೂ ಹೇಳಿದರೆ ಅದೇ ಮಹಲನೋಬಿಸ್ ಲೆಕ್ಕ ತೋರಿಸಿ. 1931ರ ಡಿಸೆಂಬರ್ 17ರಂದು ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಶುರುವಾದಾಗ ಅದು ಇದ್ದದ್ದು ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ. ಮೊದಲ ವರ್ಷದ ಖರ್ಚು 238 ರೂಪಾಯಿ. ನಮ್ಮಲ್ಲಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಏಳು ಜನ ಸಿಗುತ್ತಾರೆ. ಪ್ರತಿವರ್ಷ ನೋಂದಣಾಧಿಕಾರಿಗೆ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ತಪ್ಪದೆ ಸಲ್ಲಿಸುವ ಒಬ್ಬರು ಸಿಗುವುದು ಕಷ್ಟ. ಬಾಸ್ಟನ್ನಿನಲ್ಲಿ ಎರಡು ವರ್ಷ ಖಜಾಂಚಿಯಾಗಿ ಬಂದರೆ ಆ ಒಬ್ಬರು ನೀವಾಗಿರುತ್ತೀರಿ.

ಹಾಗಾಗಿ ನನ್ನ ಉತ್ತರ: ನಿಲ್ಲಿ. ಆದರೆ ಹೂಂ ಅನ್ನುವ ಮುಂಚೆ ಈಗಿನ ಖಜಾಂಚಿಯ ಹತ್ತಿರ ಕಳೆದ ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಮೂರು ವರ್ಷದ ಇ-ಪೋಸ್ಟ್‌ಕಾರ್ಡಿನ ರಸೀದಿ ಕೇಳಿ. ಒಂದು ವಾರದಲ್ಲಿ ಬಂದರೆ ಒಪ್ಪಿಕೊಳ್ಳಿ. ‘ಎಲ್ಲೋ ಇರಬೇಕು, ಹುಡುಕ್ತೀನಿ’ ಎಂಬ ಉತ್ತರ ಬಂದರೆ ಈ ವರ್ಷಕ್ಕೆ ವಿಜ್ಞಾನ ಮೇಳದ ತೀರ್ಪುಗಾರಿಕೆ ಒಂದೇ ಸಾಕು.